ತರಮಣಿಯ ನೆಲನೆಲ್ಲಿ: ಒಂದೇ ಔಷಧಿ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸೋದಿಲ್ಲ ಯಾಕೆ?

ಚೆನ್ನೈನಲ್ಲಿರೋ ನಮ್ಮ ಐಟಿ ಕನ್ನಡಿಗರಿಗೆ ತರಮಣಿ ಅಂದ್ರೆ ಟೈಡಲ್ ಪಾರ್ಕ್. ಮದರಾಸು ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆ ಇರೋದೂ ಅಲ್ಲೇ. ಇವತ್ತು ಆ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಕಥೆ ಹೇಳ್ತೀನಿ.

ನಮ್ಮ ಹಳ್ಳಿಗಳಲ್ಲಿ ಕಾಮಾಲೆ ಬಂದ್ರೆ ನೆಲನೆಲ್ಲಿ ಅರೆದು ಕುಡಿಸ್ತಾರಲ್ಲ, ತಮಿಳರಿಗೆ ಅದೇ ಕೀಳಾನೆಲ್ಲಿ. ಪ್ರೊಫೆಸರ್ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಆ ಗಿಡದ ಪುಡಿಯನ್ನ ಕ್ಯಾಪ್ಸೂಲ್ ಮಾಡಿ, ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದುಬಿಟ್ಟವರಿಗೆ 30 ದಿನ ಕೊಟ್ಟರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಔಷಧಿ ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಹೊರಕವಚದ ಪ್ರೋಟೀನ್ ಮಾಯ! ಬರೀ ಹುಸಿಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯ್ತು. ಇವತ್ತಿನ ಟೆನೊಫೊವಿರ್ ಕೂಡ ವೈರಸ್ಸನ್ನ ಅದುಮಿಡುತ್ತೆ ಅಷ್ಟೆ, ಆ ಪ್ರೋಟೀನ್ ಪೂರ್ತಿ ಹೋಗೋದು ಅಪರೂಪ.

ಆ ಲೇಖನಕ್ಕೆ ಸಹಿ ಹಾಕಿದವರಲ್ಲಿ 1976ರ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಕೂಡ ಇದ್ದರು. ಅವರು ಮೊದಲು ಹೊರಟಿದ್ದು ವೈರಸ್ ಹುಡುಕೋಕಲ್ಲ. ಒಬ್ಬರಿಗೆ ತಗಲೋ ರೋಗ ಇನ್ನೊಬ್ಬರಿಗೆ ಯಾಕೆ ತಗಲೋದಿಲ್ಲ ಅಂತ, ಬೇರೆಬೇರೆ ಜನಾಂಗಗಳ ರಕ್ತದಲ್ಲಿ ವಂಶವಾಹಿ ವ್ಯತ್ಯಾಸ ಹುಡುಕ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಸಿಕ್ಕ ಹೊಸ ಪ್ರೋಟೀನನ್ನ ಮೊದಮೊದಲು ಹುಟ್ಟಿನಿಂದ ಬಂದ ಗುಣ ಅಂತಲೇ ಅಂದುಕೊಂಡರು. ಆಮೇಲೆ ಗೊತ್ತಾಯ್ತು, ಅದು ಹೆಪಟೈಟಿಸ್ ಬಿ ವೈರಸ್ಸಿನ ಕವಚ.

ಮುಂದೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಇದೇ ಗಿಡ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. ಗಿಡ ಬೇರೆಯೋ, ವೈರಸ್ಸಿನ ತಳಿ ಬೇರೆಯೋ, ಜನ ಬೇರೆಯೋ? ನನ್ನ ಮಟ್ಟಿಗೆ ಇನ್ನೊಂದು ಸರಳ ಉತ್ತರವೂ ಇದೆ: 60 ಜನರ ಪ್ರಯೋಗ ತುಂಬಾ ಚಿಕ್ಕದು. ಲ್ಯಾನ್ಸೆಟ್ ಲೇಖನವೇ ತನ್ನನ್ನ ಪ್ರಾಥಮಿಕ ಅಧ್ಯಯನ ಅಂತ ಕರ್ಕೊಂಡಿತ್ತು.

ಹಾಗಂತ ಬ್ಲೂಂಬರ್ಗ್ ಪ್ರಶ್ನೆ ಸುಳ್ಳಾಗಲಿಲ್ಲ. 2009ರಲ್ಲಿ ಹೆಪಟೈಟಿಸ್ ಸಿ ವಿಷಯದಲ್ಲಿ ಉತ್ತರ ಸಿಕ್ತು. ಆಗ ಚಿಕಿತ್ಸೆ ಅಂದ್ರೆ 48 ವಾರ ಇಂಟರ್ಫೆರಾನ್ ಇಂಜೆಕ್ಷನ್, ಜೊತೆಗೆ ಮಾತ್ರೆ. 19ನೇ ಕ್ರೋಮೋಸೋಮಿನಲ್ಲಿ ಐಎಲ್28ಬಿ ಅನ್ನೋ ಜೀನ್ ಪಕ್ಕದ ಒಂದೇ ಒಂದು ಅಕ್ಷರ, ಅಪ್ಪ ಅಮ್ಮ ಇಬ್ಬರಿಂದಲೂ 'ಸಿ' ಆಗಿ ಬಂದಿದ್ರೆ, ಗುಣವಾಗೋ ಸಾಧ್ಯತೆ ಸುಮಾರು ಎರಡು ಪಟ್ಟು. ಆದ್ರೆ ಐದೇ ವರ್ಷದಲ್ಲಿ ಸೊಫೊಸ್ಬುವಿರ್ ಬಂತು. 2014ರಲ್ಲಿ ಅದನ್ನ ತಯಾರಿಸೋ ಪರವಾನಗಿ ಪಡೆದ ಭಾರತದ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಇಂಥ ಹೊಸ ಮಾತ್ರೆಗಳ ಜೋಡಿಯಿಂದ ಈಗ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗುಣವಾಗ್ತಾರೆ, ಆ ಅಕ್ಷರ ಯಾವುದೇ ಇರಲಿ.

ಬಿ ವೈರಸ್ಸಿಗೆ ಅಂಥ ಔಷಧಿ ಇನ್ನೂ ಬಂದಿಲ್ಲ. ಅದಕ್ಕೇ ಈ ಕಥೆ ನಮಗೆ ಮುಖ್ಯ. ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತೆ. ಬಿ ಹಾಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಲಿವರ್ ತಿನ್ನುತ್ತೆ. ಸೊಪ್ಪು ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಎಂಬತ್ತು-ತೊಂಬತ್ತರ ದಶಕದಲ್ಲಿ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಮಗುವಾಗಿದ್ದಾಗ ಇದರ ಲಸಿಕೆ ಸಿಕ್ಕಿಲ್ಲ. ಮುಂದಿನ ಸಲ ರಕ್ತಪರೀಕ್ಷೆ ಮಾಡಿಸುವಾಗ ಎಚ್‌ಬಿಎಸ್‌ಎಜಿ ಸೇರಿಸಿ ಅನ್ನಿ. ಊರಿಗೆ ಹೋದಾಗ ಅಪ್ಪ ಅಮ್ಮನಿಗೂ ಮಾಡಿಸಿ.