ಮೆಟ್ರಿಕ್ ಉದ್ದಗಳ ಇಂಪೀರಿಯಲ್ ಪರಿವರ್ತನೆ

ಮೀಟರ್, ಸೆಂಟಿಮೀಟರ್ ಮುಂತಾದ ಮೆಟ್ರಿಕ್ ಮಾನಗಳಲ್ಲಿರುವ ಉದ್ದವನ್ನು ಅಂಗುಲ, ಅಡಿ, ಗಜ, ಮೈಲಿಗಳಲ್ಲಿ ಹೇಳುವ ಲೆಕ್ಕವೇ ಮೆಟ್ರಿಕ್ ಉದ್ದಗಳ ಇಂಪೀರಿಯಲ್ ಪರಿವರ್ತನೆ.

ಆಧಾರ

ಮೊದಲು ಬ್ರಿಟನ್ ಹಾಗೂ ಅಮೆರಿಕದ ಅಂಗುಲಗಳ ನಡುವೆ ಅತ್ಯಲ್ಪ ವ್ಯತ್ಯಾಸವಿತ್ತು. 1959ರಲ್ಲಿ ಈ ಎರಡು ದೇಶಗಳೂ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳೂ ಒಂದು ಗಜವೆಂದರೆ ನಿಖರವಾಗಿ 0.9144 ಮೀಟರ್ ಎಂದು ಒಪ್ಪಿಕೊಂಡವು. ಅದರಂತೆ ಒಂದು ಅಂಗುಲ 25.4 ಮಿಲಿಮೀಟರ್, ಒಂದು ಅಡಿ 0.3048 ಮೀಟರ್, ಒಂದು ಮೈಲಿ 1.609344 ಕಿಲೋಮೀಟರ್ ಆಗುತ್ತದೆ.

ವಿಧಾನ

ಮೀಟರುಗಳನ್ನು 0.3048ರಿಂದ ಭಾಗಿಸಿದರೆ ಅಡಿಗಳು ದೊರೆಯುತ್ತವೆ. ಉಳಿದ ದಶಮಾಂಶ ಭಾಗವನ್ನು 12ರಿಂದ ಗುಣಿಸಿದರೆ ಅಂಗುಲಗಳು ದೊರೆಯುತ್ತವೆ. ಉದಾಹರಣೆಗೆ, 1.75 ಮೀಟರ್ ಎಂದರೆ 5.74 ಅಡಿ, ಇದು 5 ಅಡಿ 7.4 ಅಂಗುಲವಲ್ಲ, ಸುಮಾರು 5 ಅಡಿ 8.9 ಅಂಗುಲ. ಮೀಟರಿಗೆ 3.28 ಅಡಿ ಎಂಬ ಸ್ಥೂಲ ಲೆಕ್ಕ ದಿನಬಳಕೆಗೆ ಸಾಕಾದರೂ, ಒಂದು ಕಿಲೋಮೀಟರಿನಲ್ಲಿ ಸುಮಾರು 10 ಅಂಗುಲ ಕಡಿಮೆ ತೋರಿಸುತ್ತದೆ.

ವಿಸ್ತೀರ್ಣದಲ್ಲಿ ಎಚ್ಚರಿಕೆ

ವಿಸ್ತೀರ್ಣವನ್ನು ಪರಿವರ್ತಿಸುವಾಗ 0.3048ರಿಂದ ಎರಡು ಬಾರಿ ಭಾಗಿಸಬೇಕು. ಕರ್ನಾಟಕದಲ್ಲಿ ಸಾಮಾನ್ಯವಾದ 30×40 ಅಡಿ ನಿವೇಶನದ ವಿಸ್ತೀರ್ಣ 111.48 ಚದರ ಮೀಟರ್. ಇದನ್ನು ಒಮ್ಮೆ ಮಾತ್ರ ಭಾಗಿಸಿದರೆ 1200 ಚದರ ಅಡಿಯ ಬದಲು ಸುಮಾರು 366 ಬರುತ್ತದೆ. ಅಂದರೆ ನಿವೇಶನದ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಲೆಕ್ಕದಿಂದ ಬಿಟ್ಟುಹೋಗುತ್ತದೆ.