ತುದಿ ಕತ್ತರಿಸಿದ ಅಲೆಗಳು

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ದನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನ ಅಂಕಿಯಾಗಿ ಬರೆದಿಡುತ್ತಾರೆ. ಆ ಅಂಕಿ 32,767ನ್ನು ಮೀರುವಂತಿಲ್ಲ. ಹಾಡಿನ ಒಂದು ಕಡೆ ಅಲೆಯ ತುದಿ 20,000 ಮುಟ್ಟಿದೆ ಎನ್ನಿ. ದನಿ ಸಣ್ಣದಾಯಿತೆಂದು ಎಲ್ಲವನ್ನೂ ಎರಡರಿಂದ ಗುಣಿಸಿದರೆ ಅಲ್ಲಿ 40,000 ಆಗಬೇಕು. ಅದಕ್ಕೆ ಜಾಗವೇ ಇಲ್ಲ. ಅದೂ ಅದರ ಅಕ್ಕಪಕ್ಕದವೂ 32,767ಕ್ಕೇ ನಿಂತು, ಗುಡ್ಡದ ತುದಿಯಂತಿದ್ದ ಅಲೆ ತಾರಸಿಯಂತೆ ಚಪ್ಪಟೆಯಾಗುತ್ತದೆ, ದನಿ ಒಡೆದು ಕರಕರ ಎನ್ನುತ್ತದೆ. ಕ್ಲಿಪ್ಪಿಂಗ್ ಎನ್ನುವುದು ಇದನ್ನೇ. ಹಾಡುಗಳ ದನಿಯನ್ನು ಸಮಮಾಡುವ ಕೆಲಸದ ಇತಿಹಾಸ ನೋಡಿದರೆ, ಏರಿಸಿ ಸಮಮಾಡಲು ಹೊರಟವರೆಲ್ಲ 32,767ರ ಈ ಛಾವಣಿಗೆ ತಲೆ ಚಚ್ಚಿಕೊಂಡಿದ್ದಾರೆ. ದಾರಿ ತೆರೆದದ್ದು ಜೋರಾದುದನ್ನು ತಗ್ಗಿಸಲು ಒಪ್ಪಿದ ಮೇಲೆ.

ಪ್ರತಿ ಹಾಡನ್ನೂ ಅದರ ಅತಿ ಎತ್ತರದ ತುದಿ ಛಾವಣಿ ಮುಟ್ಟುವಷ್ಟೇ ಏರಿಸಿದರೆ ಸಾಲದೇ ಎಂದು ಕೇಳಬಹುದು. ಮೊದಮೊದಲ ಸಾಫ್ಟ್‌ವೇರ್‌ಗಳು ಮಾಡುತ್ತಿದ್ದುದೂ ಅದನ್ನೇ. ಅಲ್ಲಿ ದನಿ ಒಡೆಯುವುದಿಲ್ಲ, ನಿಜ. ಆದರೆ ಸಮವೂ ಆಗುವುದಿಲ್ಲ, ಏಕೆಂದರೆ ಕಿವಿ ಜೋರನ್ನು ಅಳೆಯುವುದು ತುದಿಯಿಂದಲ್ಲ, ಒಟ್ಟು ಹರಿವಿನಿಂದ. ವೀಣಾವಾದನದ ನಡುವೆ ಮೃದಂಗದ ಒಂದೇ ಪೆಟ್ಟು ಛಾವಣಿ ಮುಟ್ಟಿದರೆ ಸಾಕು, ಉಳಿದ ಇಡೀ ಕೃತಿ ಮೆಲ್ಲಗೇ ಉಳಿಯುತ್ತದೆ. ಕಿವಿಯ ಈ ಗುಣವನ್ನು ಧ್ವನಿಮುದ್ರಣದ ಉದ್ಯಮ ಚೆನ್ನಾಗಿಯೇ ಬಳಸಿಕೊಂಡಿತು. ಗ್ರಾಮಫೋನ್ ತಟ್ಟೆಯ ಕಾಲದಲ್ಲೂ ಜೋರಿನ ಪೈಪೋಟಿ ಇತ್ತು. ಆದರೆ ಅಲ್ಲಿ ಜೋರು ಹೆಚ್ಚಿದಷ್ಟೂ ಗೀರುಗಳು ಅಗಲವಾಗಿ, ತಟ್ಟೆಯಲ್ಲಿ ಹಿಡಿಸುವ ಸಮಯ ಕಡಿಮೆಯಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ತಡೆಯಿಲ್ಲ. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಲಿಮಿಟರ್ ಬಂದಮೇಲೆ ತುದಿಗಳನ್ನು ಅದುಮಿ ಉಳಿದದ್ದನ್ನೆಲ್ಲ ಮೇಲೆತ್ತುವುದು ಇನ್ನೂ ಸುಲಭವಾಯಿತು. 2008ರ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಎಷ್ಟು ಒಡೆದಿತ್ತೆಂದರೆ, ಅದನ್ನು ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಅಭಿಮಾನಿಗಳೇ ಸಹಿ ಸಂಗ್ರಹಿಸಿದರು.

ಈ ಪೈಪೋಟಿಗೆ ತಕ್ಕ ಉತ್ತರ 2001ರಲ್ಲೇ ಬಂದಿತ್ತು. ಡೇವಿಡ್ ರಾಬಿನ್ಸನ್ ಮುಂದಿಟ್ಟ ರೀಪ್ಲೇಗೇನ್ ಪದ್ಧತಿ ಹಾಡಿನ ಒಟ್ಟು ಜೋರನ್ನು ಕಿವಿಗೆ ಹೊಂದುವಂತೆ ಅಳೆದು, ಎಷ್ಟು ಡೆಸಿಬೆಲ್ ಏರಿಸಬೇಕು ಅಥವಾ ಇಳಿಸಬೇಕೆಂಬುದನ್ನು ಫೈಲಿನ ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಹಾಡಿನ ದನಿಯನ್ನು ಮುಟ್ಟುವುದೇ ಇಲ್ಲ. ಜೊತೆಗೆ ಅತಿ ಎತ್ತರದ ತುದಿಯನ್ನೂ ಗುರುತಿಸಿಡುವುದರಿಂದ, ಏರಿಸುವಾಗ ಛಾವಣಿ ತಾಕುವಂತಿದ್ದರೆ ಪ್ಲೇಯರ್ ಮೊದಲೇ ನಿಲ್ಲಿಸಬಹುದು. ಇಳಿಸಿದರೆ ಸೂಕ್ಷ್ಮ ದನಿಗಳು ಕಳೆದುಹೋಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ: 16 ಬಿಟ್‌ನ ಹರವು ಸುಮಾರು 96 ಡೆಸಿಬೆಲ್, ಅದರಲ್ಲಿ 6 ಇಳಿಸಿದರೆ ಹೋಗುವುದು ಒಂದು ಬಿಟ್ ಮಾತ್ರ. ಆಲ್ಬಂನಲ್ಲಿ ಬೇಕೆಂದೇ ಮೆಲ್ಲಗಿಟ್ಟ ಹಾಡೂ ಜೋರಾಗಿಬಿಡುತ್ತದೆ ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ಹಾಗಾಗದಿರಲೆಂದೇ ಇಡೀ ಆಲ್ಬಂಗೆ ಒಂದೇ ಅಂಕಿ ಕೊಡುವ ಏರ್ಪಾಡೂ ಅದರಲ್ಲಿದೆ. 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಸರಾಸರಿ ಜೋರನ್ನು, ಛಾವಣಿಯಿಂದ ಕೆಳಕ್ಕೆ ಎಣಿಸುವ ಡೆಸಿಬೆಲ್ ಲೆಕ್ಕದಲ್ಲಿ, ಮೈನಸ್ 23 ಎಂದು ಗೊತ್ತುಪಡಿಸಿತು. ಆನ್‌ಲೈನ್ ಸಂಗೀತ ಸೇವೆ ಸ್ಪಾಟಿಫೈ ಈಗ ಮೈನಸ್ 14ರ ಸುತ್ತ ನಿಲ್ಲಿಸುತ್ತದೆ. ಅಲ್ಲಿ ಅದುಮಿ ಜೋರುಮಾಡಿದ ಹಾಡಿಗೆ ಯಾವ ಲಾಭವೂ ಇಲ್ಲ. ಆದರೆ ಒಡೆದ ಮೇಲೆ ತಗ್ಗಿಸಿದರೆ ತಾರಸಿ ಮತ್ತೆ ಗುಡ್ಡವಾಗುವುದಿಲ್ಲ. ‘ಡೆತ್ ಮ್ಯಾಗ್ನೆಟಿಕ್’ನ ಅಭಿಮಾನಿಗಳು ಕಡೆಗೆ ಗಿಟಾರ್ ಹೀರೋ ಎಂಬ ವಿಡಿಯೋ ಗೇಮ್‌ನ ಮೊರೆಹೋದರು, ಅಷ್ಟಾಗಿ ಅದುಮದ ಅದೇ ಹಾಡುಗಳು ಅದರೊಳಗೆ ಉಳಿದಿದ್ದವು.