ಸಾರ್ಜೆಂಟ್ ಕ್ರಿಬ್ಬನ ಲಂಡನ್ನು

ಪತ್ತೇದಾರಿ ಕಾದಂಬರಿಯ ಹೆಸರೆತ್ತಿದೊಡನೆ ನಮ್ಮ ವಿದ್ವಜ್ಜನರ ಮುಖದಲ್ಲಿ ಒಂದು ಬಗೆಯ ಅನುಕಂಪ ಮೂಡುವುದನ್ನು ನಾನು ಬಲ್ಲೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರಲ್ಲಿ ನಾನೂ ಒಬ್ಬ. ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದರೂ ಆ ಚಾಪಲ್ಯ ಪೂರ್ತಿ ಅಳಿಯಲಿಲ್ಲ. ನಿವೃತ್ತಿಯ ನಂತರದ ಬಿಡುವಿನಲ್ಲಿ ಅದು ಮತ್ತೆ ಚಿಗುರಿ, ಪೀಟರ್ ಲವ್ಸಿ ಎಂಬ ಇಂಗ್ಲಿಷ್ ಲೇಖಕನ ಎಂಟು ಕಾದಂಬರಿಗಳನ್ನು ನನ್ನಿಂದ ಓದಿಸಿತು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಸಾರ್ಜೆಂಟ್ ಕ್ರಿಬ್ ಎಂಬ ಪೋಲೀಸಿನವನು ಕೊಲೆಗಳ ಗುಟ್ಟು ಬಿಡಿಸುವ ಕಥೆಗಳು ಅವು. ಅವುಗಳಿಂದ ನನಗೆ ದೊರೆತ ಸಂತೋಷದ ಕಾರಣವನ್ನು ಇತಿಹಾಸದ ದಿಕ್ಕಿನಿಂದ ವಿಚಾರಿಸಬೇಕೆಂಬುದೇ ಈ ಮಾತುಗಳ ಉದ್ದೇಶ.

ಲವ್ಸಿ 1936ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ. ವೃತ್ತಿಯಿಂದ ಅಧ್ಯಾಪಕ, ದೂರದ ಓಟಗಾರರ ಚರಿತ್ರೆಯೊಂದನ್ನು 1968ರಲ್ಲಿ ಬರೆದಿದ್ದ. ಮೊದಲ ಪತ್ತೇದಾರಿ ಕಾದಂಬರಿಗೆ ಸಾವಿರ ಪೌಂಡುಗಳ ಬಹುಮಾನವೆಂಬ ಜಾಹೀರಾತು ಹೊರಟಾಗ, ಹೆಂಡತಿಯ ಪ್ರೋತ್ಸಾಹದಿಂದ ತಾನು ಬಲ್ಲ ಓಟದ ಚರಿತ್ರೆಯನ್ನೇ ಕಥೆಯಾಗಿಸಿ ಬಹುಮಾನ ಗೆದ್ದ. 1970ರಲ್ಲಿ ಬಂದ ಆ ಪುಸ್ತಕವೇ ‘ವಾಬಲ್ ಟು ಡೆತ್’.

ಇದರ ಕೊಲೆ ನಡೆಯುವ ಸ್ಥಳವನ್ನು ಗಮನಿಸಬೇಕು. ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ 1862ರಲ್ಲಿ ತೆರೆದ ಕೃಷಿ ಭವನವೊಂದಿತ್ತು. ದನಕರುಗಳ ಪ್ರದರ್ಶನಕ್ಕೆಂದು ಕಟ್ಟಿದ ಈ ವಿಶಾಲ ಮಂದಿರದಲ್ಲಿ 1870ರ ದಶಕದ ಕೊನೆಗೆ ಮನುಷ್ಯರನ್ನು ಆರು ದಿನ ಹಗಲಿರುಳು ಸುತ್ತು ಹಾಕಿಸುವ ಪಂದ್ಯಗಳು ಆರಂಭವಾದವು. ಭಾನುವಾರ ದೇವರ ದಿನವಾದ್ದರಿಂದ ಆರೇ ದಿನ! ನಡೆಯಬಹುದು, ಓಡಬಹುದು, ತೆವಳಲೂಬಹುದು. 1878ರಲ್ಲಿ ಡೇನಿಯಲ್ ಓಲಿಯರಿ ಎಂಬಾತ ಇಲ್ಲಿ 520 ಮೈಲಿ ಕ್ರಮಿಸಿ ಗೆದ್ದ. ಪ್ರೇಕ್ಷಕರು ಹಣ ತೆತ್ತು ಬಂದು, ಬಾಜಿ ಕಟ್ಟಿ, ಹೊಗೆಬತ್ತಿಯ ಹೊಗೆಯ ನಡುವೆ ಕುಳಿತು ಆ ಬಡಪಾಯಿಗಳ ತೂರಾಟವನ್ನು ನೋಡುತ್ತಿದ್ದರು. ಲವ್ಸಿಯ ಕಥೆಯಲ್ಲಿ, 1879ರ ಇಂಥದೊಂದು ಪಂದ್ಯದಲ್ಲಿ, ಗೆಲ್ಲುವನೆಂದು ಎಲ್ಲರೂ ನಂಬಿದ್ದ ಓಟಗಾರ ಸೆಟೆದು ಸಾಯುತ್ತಾನೆ. ದನ ಕಟ್ಟುವ ಜಾಗ, ಕಾಲಲ್ಲಿ ಬೊಕ್ಕೆ. ಆದ್ದರಿಂದ ಧನುರ್ವಾಯುವೆಂದೇ ಮೊದಲ ಊಹೆ. ನಿಜವಾಗಿ ಅದು ಸ್ಟ್ರಿಕ್ನೀನ್ ವಿಷ. ಧನುರ್ವಾಯುವಿನ ಲಕ್ಷಣಗಳನ್ನೇ ತೋರುವ ಈ ವಿಷವನ್ನು ಆ ಕಾಲದಲ್ಲಿ ಅಲ್ಪ ಪ್ರಮಾಣದಲ್ಲಿ ಶಕ್ತಿವರ್ಧಕವೆಂದು ಕೊಡುವ ರೂಢಿಯೂ ಇತ್ತು. ಔಷಧಕ್ಕೂ ವಿಷಕ್ಕೂ ನಡುವಣ ಆ ತೆಳು ಗೆರೆಯ ಮೇಲೆ ಕಥೆ ನಿಂತಿದೆ.

ಉಳಿದ ಪುಸ್ತಕಗಳಲ್ಲೂ ಹೆಚ್ಚಾಗಿ ಇದೇ ಕ್ರಮ: ಬರಿಗೈ ಮುಷ್ಟಿಯುದ್ಧ, ಸಂಗೀತ ಶಾಲೆಗಳ ಅಗ್ಗದ ರಂಜನೆ, ಬ್ರೈಟನ್ನಿನ ಸಮುದ್ರಸ್ನಾನ, ಪ್ರೇತಗಳನ್ನು ಕರೆಸುವ ಕೂಟ, ಥೇಮ್ಸ್ ನದಿಯ ದೋಣಿವಿಹಾರ. ಪಾರ್ಲಿಮೆಂಟು, ಗಿರಣಿ, ಸಾಮ್ರಾಜ್ಯಗಳ ಮೂಲಕವೇ ನಾವು ಕಲಿತ ವಿಕ್ಟೋರಿಯಾ ಯುಗವನ್ನು ಈತ ಅದರ ವಿನೋದಗಳ ಮೂಲಕ ತೋರಿಸುತ್ತಾನೆ. ಜನ ದುಡಿಯುವುದನ್ನು ನೋಡಿದರೆ ಕಾಲದ ಅರ್ಧ ಪರಿಚಯವಾಗುತ್ತದೆ. ಅವರು ಯಾವುದಕ್ಕೆ ನಗುತ್ತಿದ್ದರೆಂದು ತಿಳಿದರೆ ಉಳಿದರ್ಧ. ಎಲ್ಲ ಪುಸ್ತಕಗಳೂ ಒಂದೇ ತೂಕದವಲ್ಲ. ನಡುವಣ ಒಂದೆರಡರಲ್ಲಿ ಹಾಸ್ಯ ಮಿತಿಮೀರಿ, ಶವವೂ ಪ್ರಹಸನದ ಪಾತ್ರವಾಗಿಬಿಡುತ್ತದೆ.

ಕ್ರಿಬ್ ಕೆಲಸ ಮಾಡುವ ಇಲಾಖೆಯ ಚರಿತ್ರೆಯೂ ಸ್ವಾರಸ್ಯವಾದುದೇ. ಲಂಡನ್ನಿನ ಪೋಲೀಸು ಪಡೆ 1829ರಲ್ಲಿ ಹುಟ್ಟಿದರೂ ಪತ್ತೇದಾರರ ಶಾಖೆ ಬಂದದ್ದು 1842ರಲ್ಲಿ. ಅದೂ ಎಂಟೇ ಜನರೊಡನೆ. 1877ರಲ್ಲಿ ಆ ಶಾಖೆಯ ಮೂವರು ಇನ್ಸ್‌ಪೆಕ್ಟರುಗಳೇ ಕುದುರೆಜೂಜಿನ ವಂಚಕರಿಂದ ಲಂಚ ತಿಂದು ಜೈಲು ಸೇರಿದರು. ಆ ಕಳಂಕವನ್ನು ತೊಳೆಯಲೆಂದು 1878ರಲ್ಲಿ ಅಪರಾಧ ತನಿಖಾ ಇಲಾಖೆಯನ್ನು ಹೊಸದಾಗಿ ರಚಿಸಲಾಯಿತು. ಮರುವರ್ಷವೇ ಕ್ರಿಬ್ಬನ ಕಥೆ ಆರಂಭವಾಗುವುದರಿಂದ, ಅವನು ಸಂಶಯದ ನೆರಳಲ್ಲಿ ದುಡಿಯುವವನು. ಷರ್ಲಾಕ್ ಹೋಮ್ಸನಂತೆ ಪಿಟೀಲು ನುಡಿಸುವ ಪ್ರತಿಭಾವಂತನಲ್ಲ. ಸಂಬಳಕ್ಕೆ ದುಡಿಯುವ, ಬಡ್ತಿ ಕಾಣದ, ಜೋವೆಟ್ ಎಂಬ ಮೇಲಧಿಕಾರಿಯ ದರ್ಪವನ್ನು ಸಹಿಸುವ ನೌಕರ. ಸರ್ಕಾರಿ ಕಛೇರಿಗಳನ್ನು ಬಲ್ಲ ನಮ್ಮ ಓದುಗರಿಗೆ ಜೋವೆಟ್ಟನ ಪರಿಚಯ ಮಾಡಿಕೊಡಬೇಕಾದ್ದಿಲ್ಲ.

ಸರಣಿಯ ಕೊನೆಯ ಕೃತಿ ‘ವ್ಯಾಕ್ಸ್‌ವರ್ಕ್’, ಎಂದರೆ ಮೇಣದ ಬೊಂಬೆ, 1978ರಲ್ಲಿ ಪ್ರಕಟವಾಯಿತು. ಇದು ಒಂದೇ ಬರೆದಿದ್ದರೂ ಲವ್ಸಿಯ ಹೆಸರು ಉಳಿಯುತ್ತಿತ್ತು. ಕಾಲ 1888. ಛಾಯಾಚಿತ್ರಗಾರನೊಬ್ಬನ ಹೆಂಡತಿ ಮಿರಿಯಂ ಕ್ರೋಮರ್, ಹಳೆಯ ಚಿತ್ರಗಳನ್ನು ಮುಂದಿಟ್ಟು ತನ್ನಿಂದ ಹಣ ಕೀಳುತ್ತಿದ್ದ ಗಂಡನ ಸಹಾಯಕನಿಗೆ ತಾನೇ ಸಯನೈಡ್ ಹಾಕಿದೆನೆಂದು ಒಪ್ಪಿಕೊಂಡಿದ್ದಾಳೆ. ಛಾಯಾಚಿತ್ರದ ಕೆಲಸಕ್ಕೆ ಬಳಸುತ್ತಿದ್ದ ಈ ವಿಷ ಮನೆಯ ಬೀರುವಿನಲ್ಲೇ ಇತ್ತು. ಒಪ್ಪಿಕೊಂಡ ಮೇಲೆ ಸಾಕ್ಷಿ ವಿಚಾರಣೆಯ ಮಾತೇ ಇಲ್ಲ; ನೇರವಾಗಿ ಗಲ್ಲು. ಅಷ್ಟರಲ್ಲಿ ಯಾರೋ ಅಧಿಕಾರಿಗಳಿಗೆ ಒಂದು ಛಾಯಾಚಿತ್ರ ಕಳುಹಿಸುತ್ತಾರೆ. ಬೀರುವಿನ ಬೀಗದ ಕೈ ಅಂದು ಊರಲ್ಲಿಲ್ಲದ ಗಂಡನ ಗಡಿಯಾರದ ಸರಪಳಿಯಲ್ಲಿ ತೂಗುತ್ತಿದೆ! ಹಾಗಾದರೆ ಆಕೆ ಬೀಗ ತೆಗೆದದ್ದು ಹೇಗೆ? ಕ್ರಿಬ್ಬನ ಕೈಯಲ್ಲಿರುವುದು ಬೆರಳೆಣಿಕೆಯ ದಿನಗಳು. ಇತ್ತ ನ್ಯೂಗೇಟ್ ಸೆರೆಮನೆಯಲ್ಲಿ ಇಬ್ಬರು ಕಾವಲುಗಾರ್ತಿಯರು ಆ ಹೆಂಗಸಿನ ಮೌನವನ್ನು ಕಾಯುತ್ತಿದ್ದಾರೆ. ಅತ್ತ ಗಲ್ಲಿಗೇರಿಸುವ ಜೇಮ್ಸ್ ಬೆರಿ ಮೇಡಂ ಟುಸ್ಸಾಡ್‌ರ ಮೇಣದ ಸಂಗ್ರಹದಲ್ಲಿ ಸೇರಲಿರುವ ತನ್ನ ಬೊಂಬೆಯ ಯೋಚನೆಯಲ್ಲಿದ್ದಾನೆ. ಈ ಬೆರಿ ಕಲ್ಪಿತನಲ್ಲ. 1884ರಿಂದ 1891ರವರೆಗೆ ಆ ಕೆಲಸ ಮಾಡಿ, 1892ರಲ್ಲಿ ಅನುಭವಗಳ ಪುಸ್ತಕವನ್ನೂ ಬರೆದವನು. ಬಹಿರಂಗ ಗಲ್ಲು 1868ರಲ್ಲಿ ನಿಂತರೂ ಜನರ ಕುತೂಹಲ ನಿಲ್ಲಲಿಲ್ಲ; ಅದು ಮೇಣದ ಬೊಂಬೆಗಳತ್ತ ತಿರುಗಿತು.

ಗುಟ್ಟು ಹೇಳಿ ಓದುವವರ ಸುಖ ಕೆಡಿಸಲಾರೆ. ಆದರೆ ಕಥೆಯನ್ನು ಮುಚ್ಚಿಟ್ಟ ಮೇಲೂ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಒಬ್ಬರು ತಾನೇ ಮಾಡಿದೆನೆಂದು ಹೇಳಿದ ಮಾತಿಗೆ ಎಷ್ಟು ಬೆಲೆ? ಅಂದಿನ ಇಂಗ್ಲೆಂಡಿನಲ್ಲಿ ಮೇಲ್ಮನವಿಯ ದಂಡ ನ್ಯಾಯಾಲಯವಿರಲಿಲ್ಲ. ಅದು ಬಂದದ್ದು 1907ರಲ್ಲಿ. ಕೊಲೆಯ ಆರೋಪ ಹೊತ್ತವರು ಪ್ರಮಾಣ ಮಾಡಿ ತಮ್ಮ ಪರವಾಗಿ ಸಾಕ್ಷ್ಯ ನುಡಿಯುವ ಹಕ್ಕನ್ನೂ 1898ರವರೆಗೆ ಪಡೆದಿರಲಿಲ್ಲ. ಒಪ್ಪಿದರೆ ಗಲ್ಲು, ಒಪ್ಪದಿದ್ದರೆ ಬಾಯಿಗೆ ಬೀಗ.

ಇದಕ್ಕೆ ನಿಜದ ಉದಾಹರಣೆ ಕಾದಂಬರಿಯ ಮರುವರ್ಷವೇ ದೊರೆಯುತ್ತದೆ. 1889ರ ಮೇ ತಿಂಗಳಲ್ಲಿ ಲಿವರ್‌ಪೂಲಿನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್ ಸತ್ತ. ಅವನ ತರುಣ ಪತ್ನಿ ಫ್ಲಾರೆನ್ಸ್ ನೊಣ ಕೊಲ್ಲುವ ಕಾಗದವನ್ನು ನೀರಲ್ಲಿ ನೆನೆಸಿ ಆರ್ಸೆನಿಕ್ ತೆಗೆದಳೆಂದು ಆರೋಪ. ಮುಖದ ಕಾಂತಿಗಾಗಿ ನೆನೆಸಿದೆನೆಂದು ಅವಳ ಉತ್ತರ. ಗಂಡನಿಗೋ ಆರ್ಸೆನಿಕ್ ಸೇವಿಸುವ ಚಟವೇ ಇತ್ತು. ಪ್ರಮಾಣವಿಲ್ಲದ ಒಂದು ಹೇಳಿಕೆಯನ್ನಷ್ಟೇ ಅವಳು ಕೊಡಬಹುದಾಗಿತ್ತು. ಮರಣದಂಡನೆಯಾಯಿತು. ಗೃಹಮಂತ್ರಿ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿದ.

ತೀರ್ಪು ಕೊಟ್ಟ ನ್ಯಾಯಾಧೀಶ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಈ ಹೆಸರು ಕಂಡಾಗ ನಾನು ಪುಸ್ತಕ ಕೆಳಗಿಟ್ಟೆ. ವೈಸರಾಯಿಯ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿದ್ದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವನು ಈತನೇ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂಬ ಅದರ 25ನೆಯ ಕಲಮನ್ನು ನಮ್ಮ ವಕೀಲರೆಲ್ಲ ಕಂಠಪಾಠ ಮಾಡಿದ್ದಾರೆ. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇದ್ದ ಆ ನಿಯಮವನ್ನು ಸ್ಟೀಫನ್ ಉಳಿಸಿಕೊಂಡ; 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ 23ನೆಯ ಕಲಮಿನಲ್ಲೂ ಅದು ಇದೆ. ಕ್ರಿಬ್ ಶ್ರೀಮತಿ ಕ್ರೋಮರಳ ಮಾತನ್ನು ನಂಬದೆ ಬೀಗದ ಕೈಯನ್ನು ಹುಡುಕುತ್ತ ಹೊರಡುವುದಕ್ಕೂ ಈ ಕಲಮಿಗೂ ಒಂದೇ ಸಂಶಯ ಮೂಲವೆಂದು ನನಗೆ ತೋರುತ್ತದೆ. ಸ್ಟೀಫನ್ನನಾದರೋ ಮೇಬ್ರಿಕ್ ಮೊಕದ್ದಮೆಯ ವೇಳೆಗೆ ಬುದ್ಧಿಶಕ್ತಿ ಕುಂದಿ, ಜೂರಿಗೆ ಆಡಿದ ಮಾತುಗಳಿಗಾಗಿ ನಿಂದೆಗೆ ಗುರಿಯಾದ. 1891ರಲ್ಲಿ ಹುದ್ದೆ ಬಿಟ್ಟ.

ಫ್ಲಾರೆನ್ಸ್ ಮೇಬ್ರಿಕ್ 1904ರಲ್ಲಿ ಬಿಡುಗಡೆ ಹೊಂದಿ ತನ್ನ ಅಮೆರಿಕಾ ದೇಶಕ್ಕೆ ಹಿಂದಿರುಗಿದಳು. ಮೇಲ್ಮನವಿಯ ನ್ಯಾಯಾಲಯ ಬರಲು ಇನ್ನೂ ಮೂರು ವರ್ಷಗಳಿದ್ದವು. ಅವಳು ತೀರಿಕೊಂಡದ್ದು 1941ರಲ್ಲಿ.